ಮಣ್ಣಜ್ಜಿ ಮೆತ್ತಿದ ಗೋಡೆಗಳು

ಮೂರು ದಿನದಿಂದ ಅವಳಿಗೆ ಒಂದೇ ಚಿಂತೆ. ಒಲೆ ಮುಂದೆ ಕೂತಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ, ಮಗುವಿನ ಉಗುರು ಕತ್ತರಿಸುವಾಗಲೂ ಅದೇ. ನಡುಮನೆಯ ಗೋಡೆ. ನೋಡಿದವರಿಗೆ ಅದರಲ್ಲಿ ಚಿಂತೆ ಮಾಡುವಂಥದ್ದು ಏನೂ ಕಾಣುತ್ತಿರಲಿಲ್ಲ. ಒಂದು ಬಿರುಕಿಲ್ಲ, ಒಂದು ಗುಳಿಯಿಲ್ಲ, ಕೈಯಾಡಿಸಿದರೆ ಮಗುವಿನ ಕೆನ್ನೆಯಷ್ಟು ನುಣುಪು. ಆದರೆ ಆ ನುಣುಪಿನ ಹಿಂದೆ, ಅರ್ಧ ಬೆರಳು ದಪ್ಪದ ಮಣ್ಣಿನಡಿ, ಐದು ತಿಂಗಳ ಹಿಂದೆ ಆರೋಗ್ಯ ಇಲಾಖೆಯವರು ಹೊಡೆದುಹೋದ ಔಷಧಿ ಉಸಿರುಗಟ್ಟಿ ಕೂತಿತ್ತು. ಅದನ್ನು ಮುಚ್ಚಿಸಿದವಳು ಅವಳೇ.

ಅವಳು ಪೇಟೆಯವಳು. ಮೂರನೇ ಮಹಡಿಯ ಮನೆಯಲ್ಲಿ ಹುಟ್ಟಿ, ಕಾಲೇಜು ಮುಗಿಸಿ, ಹಾಲಿನ ವ್ಯಾನ್ ಓಡಿಸುವವನನ್ನು ಮೆಚ್ಚಿ ಮದುವೆಯಾಗಿ ಈ ಊರಿಗೆ ಬಂದಿದ್ದಳು. ಬಂದ ಹೊಸದರಲ್ಲಿ ಮಣ್ಣಿನ ಗೋಡೆಗೆ ಬೆನ್ನು ತಾಗಿಸಲೂ ಹೆದರುತ್ತಿದ್ದಳು. ಗೋಡೆಯ ಆಚೆ ಬದಿಯಲ್ಲೇ ಕೊಟ್ಟಿಗೆ. ಹಸು ಮೈ ಉಜ್ಜಿದರೆ ಈಚೆ ಮಲಗಿದವರಿಗೆ ಸದ್ದು ಕೇಳುತ್ತಿತ್ತು. ಮಗು ಹುಟ್ಟಿದ ಮೇಲಂತೂ ಅವಳ ಹೆದರಿಕೆಗೆ ಕೈಕಾಲು ಬಂದವು. ಸೊಳ್ಳೆ ಪರದೆ, ಕುದಿಸಿದ ನೀರು, ಬಾಗಿಲಿಗೊಂದು ಜಾಲರಿ, ದಿನಕ್ಕೆ ನಾಲ್ಕು ಸಲ ಥರ್ಮಾಮೀಟರು.

"ನಮ್ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯೋದು ಆ ಥರ್ಮಾಮೀಟರು ಕಣೇ. ಅದಕ್ಕೂ ಭಾನುವಾರ ಒಂದು ರಜ ಕೊಡು" ಎನ್ನುತ್ತಿದ್ದ ಗಂಡ.

ಅವನ ತಾಯಿ ಮಾತ್ರ ನಗುತ್ತಿರಲಿಲ್ಲ. ಮೊಮ್ಮಗಳ ಹಣೆಯ ಮೇಲೆ ತನ್ನ ಎಡಗೈ ಇಟ್ಟು, ಕಣ್ಣು ಮುಚ್ಚಿ, ಆಮೇಲೆ ಹೇಳುತ್ತಿದ್ದಳು: "ತಣ್ಣಗಿದ್ದಾಳೆ. ಬಾವಿಕಟ್ಟೆ ಕಲ್ಲಿನ ಹಾಗಿದ್ದಾಳೆ. ಹೋಗು, ನಿನ್ನ ಕೆಲಸ ನೋಡು."

ಆ ಕೈಯನ್ನು ನಂಬದವರು ಊರಿನಲ್ಲಿ ಯಾರೂ ಇರಲಿಲ್ಲ. ಅತ್ತೆಗೆ ಮನೆಯಲ್ಲೊಂದು ಹೆಸರಿದ್ದರೂ ಊರಿಗೆಲ್ಲ ಅವಳು ಮಣ್ಣಜ್ಜಿ. ಒಂಬತ್ತನೇ ವಯಸ್ಸಿಗೆ ತನ್ನ ಸೋದರತ್ತೆಯ ಹಿಂದೆ ಮಣ್ಣಿನ ಬುಟ್ಟಿ ಹೊತ್ತವಳು. ಗೋಡೆಗೆ ಮಣ್ಣು ಮೆತ್ತುವುದು ಅವರ ಕೆಲಸ. ಜೇಡಿಮಣ್ಣಿಗೆ ಕತ್ತರಿಸಿದ ಹುಲ್ಲು, ಸಗಣಿ ಸೇರಿಸಿ, ಕಾಲಲ್ಲಿ ತುಳಿದು, ಮೂರು ದಿನ ಒದ್ದೆ ಗೋಣಿ ಹೊದಿಸಿ ಹುಳಿಯಲು ಬಿಡಬೇಕು. ನಾಲ್ಕನೇ ದಿನ ಒಂದು ಉಂಡೆ ತೆಗೆದು ಹಗ್ಗದಂತೆ ಹೊಸೆದು ಹೆಬ್ಬೆರಳಿಗೆ ಸುತ್ತಬೇಕು. ಬಿರಿದರೆ ಮಣ್ಣು ಇನ್ನೂ ಕಚ್ಚಾ. ಬಿರಿಯದಿದ್ದರೆ ಗೋಡೆಗೆ. ಕರಣೆ ಹಿಡಿದು ಮೆತ್ತುವವರನ್ನು ಕಂಡರೆ ಮಣ್ಣಜ್ಜಿಗೆ ತಾತ್ಸಾರ. "ಚಮಚದಲ್ಲಿ ಮಗೂಗೆ ಸ್ನಾನ ಮಾಡಿಸಿದ ಹಾಗೆ" ಎನ್ನುತ್ತಿದ್ದಳು. ಅವಳದು ಬರಿಗೈ. ಅದೂ ಎಡಗೈ. ಅವಳು ಎಳೆದ ಗೋಡೆಯ ಮೇಲೆ ಬಿಸಿಲು ಓರೆಯಾಗಿ ಬಿದ್ದರೆ ಎಡಕ್ಕೆ ಬಾಗಿದ ಅರ್ಧಚಂದ್ರಗಳು ಸಾಲುಸಾಲಾಗಿ ಏಳುತ್ತಿದ್ದವು.

ಅವಳ ಗಂಡ ಬಾವಿ ತೋಡುವವನು. ಮಗನಿಗೆ ನಾಲ್ಕು ವರ್ಷವಿದ್ದಾಗ ಕುಸಿದ ಬಾವಿಯೊಳಗೆ ಹೋದವನು ಮೇಲೆ ಬರಲಿಲ್ಲ. "ಮಣ್ಣು ಒಂದು ಕೈಲಿ ಗಂಡನ್ನ ಕಿತ್ಕೊಂಡು ಇನ್ನೊಂದು ಕೈಲಿ ನನ್ನ ಸಾಕ್ತು" ಎಂದಷ್ಟೇ ಅವಳು ಹೇಳಿದ್ದು, ಅದೂ ಒಂದೇ ಸಲ. ಸೊಸೆಯೊಂದಿಗೆ ಅದಕ್ಕಿಂತ ಹೆಚ್ಚಾಗಿ ಮಾತಾಡುತ್ತಿದ್ದದ್ದು ಊರಿನ ಗೋಡೆಗಳ ಬಗ್ಗೆ. ಯಾವ ಮನೆಯಲ್ಲಿ ಗಂಡ ಹೆಂಡತಿ ಕಿತ್ತಾಡುತ್ತಾರೆ ಎಂದು ಅವಳಿಗೆ ಗೋಡೆಯೇ ಹೇಳುತ್ತಿತ್ತು. "ಮೊಣಕಾಲೆತ್ತರದಲ್ಲಿ ಮಣ್ಣು ಉದುರಿದ್ರೆ ಹಸು ಒದ್ದಿದ್ದು. ಎದೆಯೆತ್ತರದಲ್ಲಿ ಉದುರಿದ್ರೆ ಚೊಂಬು ಎಸೆದಿದ್ದು."

ಐದು ತಿಂಗಳ ಹಿಂದೆ ಬೆನ್ನಿಗೆ ಪಂಪು ಕಟ್ಟಿಕೊಂಡ ನಾಲ್ವರು ಬಂದಿದ್ದರು. ಜೊತೆಗೆ ಆರೋಗ್ಯ ಕೇಂದ್ರದ ನರ್ಸಮ್ಮ. ಸುತ್ತಮುತ್ತಲ ಊರುಗಳಲ್ಲಿ ಕಪ್ಪು ಜ್ವರ ಕಾಣಿಸಿಕೊಂಡಿದೆ, ಅದನ್ನು ಹರಡುವುದು ಮರಳು ನೊಣ ಎಂದು ನರ್ಸಮ್ಮ ಬೀದಿಯ ಹೆಂಗಸರನ್ನೆಲ್ಲ ಕೂಡಿಸಿ ಹೇಳಿದ್ದಳು. ಸೊಳ್ಳೆಯ ಕಾಲುಭಾಗದಷ್ಟೇ ಗಾತ್ರ. ಗುಂಯ್ ಎನ್ನುವುದಿಲ್ಲ. ರೆಕ್ಕೆ ಮೇಲಕ್ಕೆತ್ತಿಕೊಂಡು ಕೂರುತ್ತದೆ, ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಹಗಲೆಲ್ಲ ಮಣ್ಣಿನ ಗೋಡೆಯ ಬಿರುಕಿನಲ್ಲಿ, ಕೊಟ್ಟಿಗೆಯ ತೇವದಲ್ಲಿ ಅವಿತು, ಹೊತ್ತು ಮುಳುಗಿದ ಮೇಲೆ ಕಚ್ಚುತ್ತದೆ. ರೋಗಿಯ ರಕ್ತ ಹೀರಿ ಕಣ್ಣಿಗೆ ಕಾಣದ ಜೀವಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಇನ್ನೊಬ್ಬರಿಗೆ ದಾಟಿಸುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ತಿಂಗಳುಗಟ್ಟಲೆ ಆದ ಮೇಲೆ ಜ್ವರ ಬರುತ್ತದೆ, ಬಂದದ್ದು ಬಿಡುವುದಿಲ್ಲ. ಎಡಪಕ್ಕೆಯ ಗುಲ್ಮ ಊದುತ್ತದೆ, ಮೈ ಕರಗುತ್ತದೆ, ಬಣ್ಣ ಕಪ್ಪಿಡುತ್ತದೆ.

"ಚಿಕಿತ್ಸೆ ಇದೆ, ಹೆದರಬೇಡಿ. ಬಿಟ್ಟರೆ ಮಾತ್ರ ಜೀವಕ್ಕೇ ಅಪಾಯ" ಎಂದಿದ್ದಳು ನರ್ಸಮ್ಮ. "ಗೋಡೆಗೆ ಹೊಡೆದಿರೋ ಔಷಧಿ ಮೇಲೆ ನೊಣ ಕೂತ್ರೆ ಸಾಯುತ್ತೆ. ಅದಕ್ಕೇ ಮೂರು ತಿಂಗಳು ಯಾರೂ ಗೋಡೆ ತೊಳೀಬೇಡಿ, ಬಣ್ಣ ಹಚ್ಚಬೇಡಿ, ಮಣ್ಣು ಮೆತ್ತಬೇಡಿ. ಕೇಳಿಸ್ತಾ ಮಣ್ಣಜ್ಜಿ? ನಿಮಗೇ ಹೇಳ್ತಿರೋದು."

"ನನಗೆ ಮೂರು ತಿಂಗಳು ರಜ ಅಂತ ಹೇಳಮ್ಮ, ಕುಣೀತೀನಿ" ಎಂದು ಮಣ್ಣಜ್ಜಿ ಎಲ್ಲರನ್ನೂ ನಗಿಸಿದ್ದಳು.

ಆ ರಜ ಎರಡೇ ದಿನ. ಗೋಡೆಯ ಮೇಲೆ ಒಣಗಿದ ಔಷಧಿ ಬಿಳಿ ಪಟ್ಟೆಗಳಾಗಿ ಇಳಿದಿತ್ತು, ಮೂಗಿಗೆ ಅಡರುವ ವಾಸನೆ. ಮಗುವಿಗೆ ಆಗ ಹತ್ತು ತಿಂಗಳು, ಗೋಡೆ ಹಿಡಿದು ನಿಲ್ಲುವ ವಯಸ್ಸು. ಮೂರನೇ ದಿನ ಬೆಳಿಗ್ಗೆ ಮಗು ಎರಡೂ ಅಂಗೈ ಗೋಡೆಗೆ ಒತ್ತಿ ನಿಂತು, ಆಮೇಲೆ ಆ ಕೈಯನ್ನು ಹಾಗೇ ಬಾಯಿಗಿಟ್ಟದ್ದನ್ನು ಅವಳು ನೋಡಿದಳು. ಬಾಯಿ ತೊಳೆಸಿದಳು, ಕೈ ತೊಳೆದಳು, ಅತ್ತಳು.

"ಅತ್ತೆ, ಇದನ್ನ ಮುಚ್ಚಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಮೂರು ತಿಂಗಳು ಮುಟ್ಟಬೇಡಿ ಅಂದಿದಾರಲ್ಲೇ."

"ಅವರ ಮಕ್ಕಳು ಗೋಡೆ ನೆಕ್ತಾವಾ? ಇದು ವಿಷ ಅತ್ತೆ! ನೊಣ ಸಾಯೋದು ಮಗೂಗೆ ಒಳ್ಳೇದಾ?"

ಮಣ್ಣಜ್ಜಿ ಗೋಡೆಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ಆ ಪಟ್ಟೆಗಳು ಅವಳ ಕಣ್ಣಿಗೂ ಚುಚ್ಚುತ್ತಿದ್ದವು. ಅವಳೇ ಎಳೆದ ಗೋಡೆ ಅದು. "ಸರಿ, ಒಂದು ತೆಳು ಕೈ ಎಳೀತೀನಿ" ಎಂದಳು. ಔಷಧಿಯವರು ಬರುವ ಮೊದಲೇ ತುಳಿದಿಟ್ಟಿದ್ದ ಮಣ್ಣು ಗೋಣಿಯಡಿ ಹುಳಿದಿತ್ತು. ಅಂದು ಮಧ್ಯಾಹ್ನಕ್ಕೆ ಗೋಡೆ ಹೊಸದಾಯಿತು. ಮರುದಿನ ಪಕ್ಕದ ಹಿಟ್ಟಿನ ಗಿರಣಿಯ ಅಕ್ಕ ಬಂದು ನೋಡಿ, "ನಮ್ಮನೇದೂ ಹಾಗೇ ಮಾಡ್ಕೊಡು ಮಣ್ಣಜ್ಜಿ, ಸುಣ್ಣ ಕಕ್ಕಿದ ಹಾಗೆ ಕಾಣ್ತಿದೆ ಗೋಡೆ" ಎಂದಳು. ಆಮೇಲೆ ಎದುರುಮನೆ. ಆಮೇಲೆ ಮೂಲೆಮನೆ. ಇಡೀ ಬೀದಿ ಮತ್ತೆ ನುಣ್ಣಗಾಯಿತು.

ಮೂರು ದಿನದ ಹಿಂದೆ ನರ್ಸಮ್ಮ ಮತ್ತೆ ಬಂದಳು. ಗಿರಣಿ ಅಕ್ಕನ ಮೈದುನನಿಗೆ ಕಪ್ಪು ಜ್ವರವೆಂದು ದೊಡ್ಡಾಸ್ಪತ್ರೆಯಲ್ಲಿ ಗೊತ್ತಾಗಿತ್ತು. ಅವನು ಮಲಗುತ್ತಿದ್ದದ್ದು ಗಿರಣಿಯ ಹಿಂದಿನ ಕೋಣೆಯಲ್ಲಿ, ನೆಲದ ಮೇಲೆ. ನರ್ಸಮ್ಮ ಮನೆಮನೆ ಹತ್ತಿ ಇಳಿದು ಒಂದೇ ಪ್ರಶ್ನೆ ಕೇಳಿದಳು: "ಔಷಧಿ ಹೊಡೆದ ಮೂರು ತಿಂಗಳೊಳಗೆ ಗೋಡೆ ಮುಟ್ಟಿದಿರಾ?" ಗಿರಣಿ ಅಕ್ಕ ಇಲ್ಲ ಎಂದಳು. ಎದುರುಮನೆಯವಳು ಇಲ್ಲ ಎಂದಳು. ಇವರ ಬಾಗಿಲಿಗೆ ಬಂದಾಗ ಮಣ್ಣಜ್ಜಿ ಹುಲ್ಲು ಕತ್ತರಿಸುತ್ತ ತಲೆ ಅಲ್ಲಾಡಿಸಿದಳು. ಓದಿದವಳೆಂದು ನರ್ಸಮ್ಮ ಸೊಸೆಯ ಮುಖ ನೋಡಿದಳು.

"ಇಲ್ಲ ಸಿಸ್ಟರ್" ಎಂದಳು ಅವಳು.

ನರ್ಸಮ್ಮ ತನ್ನ ನಂಬರು ಬರೆದುಕೊಟ್ಟು, ಎರಡು ವಾರ ದಾಟಿದ ಜ್ವರ ಯಾರಿಗಿದ್ದರೂ ತಿಳಿಸಬೇಕೆಂದು ಹೇಳಿ ಹೋದಳು. ಅಲ್ಲಿಂದ ಶುರುವಾಯಿತು. ಥರ್ಮಾಮೀಟರು ನಾಲ್ಕು ಸಲದಿಂದ ಎಂಟು ಸಲಕ್ಕೆ ಏರಿತು. ಮಗುವಿನ ಕೆನ್ನೆಯ ಮೇಲೊಂದು ಕೆಂಪು ಚುಕ್ಕೆ ಕಂಡರೆ ಬಿಸಿಲಿಗೆ ಎತ್ತಿಕೊಂಡು ಹೋಗಿ ನೋಡುತ್ತಿದ್ದಳು. ಸೊಳ್ಳೆ ಪರದೆಯ ಕಣ್ಣುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಇಷ್ಟು ದೊಡ್ಡ ಕಣ್ಣಲ್ಲಿ ಆ ನೊಣ ಮೆರವಣಿಗೆ ಹೋಗಬಹುದು ಅನ್ನಿಸಿತು. ಊರ ತುಂಬ ಯಾರ ಮಗು ಕೆಮ್ಮಿದರೂ ಅದು ತಾನು ಮಾಡಿಸಿದ್ದು ಎನ್ನಿಸುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಗಂಡ ವ್ಯಾನು ರಿಪೇರಿಗೆ ಬಿಟ್ಟು ಪೇಟೆಯಲ್ಲೇ ಉಳಿದಿದ್ದ. ಮಗು ಎದ್ದು ರಚ್ಚೆ ಹಿಡಿಯಿತು. ಅವಳು ಥರ್ಮಾಮೀಟರು ತೆಗೆದಳು.

"ಮತ್ತೆ ಶುರು ಮಾಡಿದ್ಯಾ?" ಎಂದಳು ಅಂಗಳದಿಂದ ಬಂದ ಮಣ್ಣಜ್ಜಿ. "ಕೊಡು ಇಲ್ಲಿ." ಹಣೆಯ ಮೇಲೆ ಎಡಗೈ ಇಟ್ಟಳು. "ತಣ್ಣಗಿದ್ದಾಳೆ. ಹಸಿವು ಅಷ್ಟೆ."

ಮಗುವನ್ನು ವಾಪಸು ಕೊಡುವಾಗ ಅತ್ತೆಯ ಅಂಗೈ ಅವಳ ಮಣಿಕಟ್ಟಿಗೆ ತಾಗಿತು. ಅವಳು ಬೆಚ್ಚಿದಳು. ಒಲೆಯಿಂದ ಈಗಷ್ಟೇ ಇಳಿಸಿದ ಪಾತ್ರೆಯ ಹಾಗಿತ್ತು ಅದು.

"ಅತ್ತೆ, ನಿಮ್ಮ ಕೈ."

"ಬಿಸಿಲಲ್ಲಿ ಮಣ್ಣು ತುಳೀತಿದ್ದೆ."

"ಮಣ್ಣು ತುಳಿದರೆ ಕಾಲು ಬಿಸಿಯಾಗಬೇಕು, ಅದೂ ಒದ್ದೆ ಮಣ್ಣಲ್ಲಿ! ಕೂತ್ಕೊಳ್ಳಿ."

"ಅಯ್ಯೋ, ಬಿಡೇ ಅಮ್ಮಾ ತಾಯಿ. ನಾನೇನು ಹಾಲು ಕುಡಿಯೋ ಮಗುವೇ?"

ಅವಳು ಬಿಡಲಿಲ್ಲ. ಕಂಕುಳಲ್ಲಿ ಥರ್ಮಾಮೀಟರು ಸಿಕ್ಕಿಸಿ, ಅದು ಕೀಂಗುಟ್ಟುವವರೆಗೂ ತೋಳು ಒತ್ತಿ ಹಿಡಿದಳು. ಹಿಡಿದಾಗಲೇ ಗೊತ್ತಾದದ್ದು, ಆ ತೋಳಿನಲ್ಲಿ ಹಿಡಿಯಲು ಏನೂ ಉಳಿದಿರಲಿಲ್ಲ. ನೂರಾ ಎರಡೂವರೆ. ಅವಳು ಅತ್ತೆಯನ್ನು ನೋಡಿದಳು. ದಿನಾ ಕಣ್ಣೆದುರಿಗಿದ್ದವಳನ್ನು ಮೊದಲ ಬಾರಿಗೆ ನೋಡಿದ ಹಾಗೆ. ಕೆನ್ನೆಯ ಎಲುಬು ಎದ್ದಿತ್ತು. ಹಣೆಯ ಬಣ್ಣ ಬಿಸಿಲಿಗೆ ಕಂದಿದ್ದಲ್ಲ, ಮಸಿ ಬಳಿದಂತಿತ್ತು. ಬೆರಳಿನ ಉಂಗುರ ಜಾರದಿರಲು ಅದಕ್ಕೆ ನೂಲು ಸುತ್ತಿಕೊಂಡಿದ್ದಳು.

ಇಷ್ಟು ದಿನ ಆ ಕೈಗೆ ಮಗು ತಣ್ಣಗೆ ತೋರಿದ್ದೇಕೆಂದು ಅವಳಿಗೆ ಆಗ ಹೊಳೆಯಿತು.

"ಎಷ್ಟು ದಿನದಿಂದ?"

"ಏನು?"

"ಜ್ವರ, ಅತ್ತೆ. ಎಷ್ಟು ದಿನದಿಂದ?"

ಮಣ್ಣಜ್ಜಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಪುಟ್ಟಿಗೆ ದವಡೆ ಹಲ್ಲು ಬರ್ತಿತ್ತಲ್ಲ, ಆವಾಗಿಂದ. ಬರುತ್ತೆ, ಹೋಗುತ್ತೆ. ಎಡಪಕ್ಕೆಯಲ್ಲಿ ಒಂದು ಗಟ್ಟಿ. ಬಗ್ಗಿದ್ರೆ ಒತ್ತುತ್ತೆ."

ದವಡೆ ಹಲ್ಲು ಬಂದು ಐದು ವಾರ.

"ಒಂದು ಮಾತು ಹೇಳಬಾರದಿತ್ತಾ?"

"ಯಾರಿಗೆ ಹೇಳಲಿ? ಪುಟ್ಟಿ ಸೀನಿದ್ರೆ ನೀನು ಮೂರು ಡಾಕ್ಟರಿಗೆ ಫೋನು ಹಚ್ತೀಯ. ನನಗೆ ಜ್ವರ ಅಂದಿದ್ರೆ ಮಗೂನ ನನ್ನ ಕೈಗೆ ಕೊಡ್ತಿದ್ಯಾ?"

ಕೊಡುತ್ತಿರಲಿಲ್ಲ. ಈಗಲೂ ಅವಳ ತೋಳು ತಾನಾಗಿಯೇ ಮಗುವನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡಿತ್ತು. ಅದನ್ನು ಅತ್ತೆ ನೋಡಿದ್ದಳು. ಮುಟ್ಟಿದರೆ ಹರಡುವ ರೋಗವಲ್ಲ ಇದು, ನಡುವೆ ನೊಣ ಬೇಕು ಎಂದು ಅವಳ ಬುದ್ಧಿಗೆ ಗೊತ್ತಿತ್ತು, ತೋಳಿಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಮಗುವನ್ನು ಮತ್ತೆ ಇಬ್ಬರ ನಡುವೆ ಕೂರಿಸಿದಳು. ಆದರೆ ನೊಣ? ಮೂವರೂ ಮಲಗುವುದು ಇದೇ ಗೋಡೆಯ ಬುಡದಲ್ಲಿ, ಕೊಟ್ಟಿಗೆಗೆ ಒತ್ತಿಕೊಂಡು. ಅತ್ತೆಯನ್ನು ಕಚ್ಚಿದ ನೊಣಕ್ಕೆ ಮಗುವಿನ ಕೆನ್ನೆ ಎಷ್ಟು ದೂರ? ಒಂದು ಮೊಳ.

"ಏಳಿ, ನರ್ಸಮ್ಮನಿಗೆ ಫೋನು ಮಾಡ್ತೀನಿ. ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ನೋಡ್ತಾರಂತೆ, ಅಷ್ಟೆ."

"ಬೇಡ." ಮಣ್ಣಜ್ಜಿಯ ದನಿ ಗಟ್ಟಿಯಾಯಿತು. "ಅವಳು ರಕ್ತ ನೋಡಿ ಸುಮ್ಮನಿರ್ತಾಳಾ? ಗೋಡೆ ಕೆರೀತಾಳೆ. ನಮ್ಮದು ಕೆರೆದ ಮೇಲೆ ಪಕ್ಕದ್ದು ಕೆರೀತಾಳೆ. ಕೆರೆಯೋದೂ ಬೇಡ, ಬಿಸಿಲಿಗೆ ನೋಡಿದ್ರೆ ಸಾಕು. ಎಡಗೈಲಿ ಎಳೆಯೋರು ಈ ಊರಲ್ಲಿ ಇನ್ಯಾರಿದ್ದಾರೆ? ಗಿರಣಿಯವಳ ಮೈದುನ ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ. ಅವನು ಮಲಗ್ತಿದ್ದ ಕೋಣೆ ಮೆತ್ತಿದ್ದು ಯಾರು? ನಲವತ್ತೈದು ವರ್ಷ ಈ ಕೈ ನೋಡಿ ಜನ ಬಾಗಿಲು ತೆಗೆದಿದ್ದಾರೆ. ನಾಳೆ ಮುಚ್ಕೋತಾರೆ."

"ಮೆತ್ತಿ ಅಂದಿದ್ದು ನಾನು. ನಾನೇ ಹೇಳ್ತೀನಿ."

"ನೀನು ಬಾಯಲ್ಲಿ ಹೇಳ್ದೆ. ನಾನು ಕೈಯಲ್ಲಿ ಮಾಡ್ದೆ. ಮೊನ್ನೆ ಇಬ್ಬರೂ ಸೇರಿ ಇಲ್ಲ ಅಂದ್ವಿ." ಅವಳು ದನಿ ತಗ್ಗಿಸಿದಳು. "ಒಂದು ಕೆಲಸ ಮಾಡೋಣ. ನಿಮ್ಮಮ್ಮನ ಮನೆಗೆ ಅಂತ ಹೇಳಿ ಪೇಟೆಗೆ ಹೋಗೋಣ. ಅಲ್ಲಿ ಔಷಧಿ ತಗೊಂಡು ಬರ್ತೀನಿ. ನಾನು ಸರಿಹೋದ್ರೆ ಸಾಕಲ್ಲ ನಿನಗೆ? ಯಾರಿಗೂ ಗೊತ್ತಾಗಲ್ಲ."

ಆ ಮಾತು ಅವಳೊಳಗೆ ಸಲೀಸಾಗಿ ಇಳಿಯಿತು. ಬಟ್ಟೆ ತುಂಬಿದ ಚೀಲ, ಬಸ್ಸು, ಅಮ್ಮನ ಮನೆಯ ಹೊಳೆಯುವ ನೆಲ, ಬಿರುಕಿಲ್ಲದ ಗೋಡೆ. ಮಗು ಅಲ್ಲೇ ಇರಬಹುದು, ತಿಂಗಳೊಪ್ಪತ್ತು, ಬೇಕಾದರೆ ಇನ್ನೂ ಹೆಚ್ಚು. ಅತ್ತೆಗೂ ಒಳ್ಳೆಯ ಆಸ್ಪತ್ರೆ. ಯಾರ ಮುಖವನ್ನೂ ನೋಡಬೇಕಿಲ್ಲ. ಅವಳು ಎದ್ದು ಮಗುವಿನ ಬಟ್ಟೆಗಳನ್ನು ಮಡಿಸತೊಡಗಿದ್ದಳು ಕೂಡ.

ಆಗ ಗಿರಣಿ ಅಕ್ಕ ಬಾಗಿಲಲ್ಲಿ ಕಾಣಿಸಿದಳು. ರೆಪ್ಪೆಯ ಮೇಲೂ ಹಿಟ್ಟು. ಏಳು ತಿಂಗಳು ತುಂಬಿದ ಹೊಟ್ಟೆಗೆ ಕೈ ಆನಿಸಿಕೊಂಡು ಹೊಸ್ತಿಲಿಗೇ ಒರಗಿದಳು.

"ಏನು, ಅತ್ತೆ ಸೊಸೆ ಸೇರಿ ಯಾರ ಮನೆ ಮುರೀತಿದೀರಾ?" ಎಂದು ನಕ್ಕಳು. ನಗು ಕಣ್ಣಿಗೆ ಹತ್ತಲಿಲ್ಲ.

"ನಿನ್ನದೇ. ಬಾ ಕೂತ್ಕೋ" ಎಂದಳು ಮಣ್ಣಜ್ಜಿ.

"ಕೂತ್ರೆ ಏಳೋಕೆ ಇಬ್ಬರು ಬೇಕು. ಮೈದುನ ಸ್ವಲ್ಪ ಗಂಜಿ ಕುಡಿದನಂತೆ, ಫೋನ್ ಬಂದಿತ್ತು. ಬದುಕ್ಕೋತಾನೆ ಅಂದ್ರು. ಅದಿರಲಿ, ಆ ಹಿಂದಿನ ಕೋಣೇನ ಇನ್ನೊಂದು ಸಲ ಎಳೆದುಕೊಡ್ತೀಯಾ ಮಣ್ಣಜ್ಜಿ? ಬಾಣಂತನಕ್ಕೆ ನಾನು ಅಲ್ಲೇ ಮಲಗಬೇಕು, ಗಿರಣಿ ಸದ್ದು ಅಲ್ಲಿಗೆ ಕಮ್ಮಿ. ನೀನು ಮೆತ್ತಿದ್ರೆ ಒಂದು ಹುಳ ನುಗ್ಗೋಕೆ ಜಾಗ ಇರಲ್ಲ."

ಮಣ್ಣಜ್ಜಿ ಅವಳ ಹೊಟ್ಟೆಯನ್ನೇ ನೋಡುತ್ತಿದ್ದಳು.

"ಮಣ್ಣು ಇನ್ನೂ ಹುಳಿದಿಲ್ಲ. ನೋಡೋಣ" ಎಂದಳು ಕೊನೆಗೆ.

ಗಿರಣಿ ಅಕ್ಕ ಸೊಂಟ ಹಿಡಿದುಕೊಂಡು ಹೋದಳು. ಆಚೆ ಗಿರಣಿಯ ಪಟ್ಟೆ ತಿರುಗುವ ಸದ್ದು ಮತ್ತೆ ಶುರುವಾಯಿತು. ಸೊಸೆಯ ಕೈಯಲ್ಲಿ ಅರ್ಧ ಮಡಿಸಿದ ಪುಟ್ಟ ಅಂಗಿ. ನಾವು ಪೇಟೆಗೆ ಹೋಗಬಹುದು, ಅವಳು ಎಲ್ಲಿಗೆ ಹೋಗುತ್ತಾಳೆ? ಆ ಕೋಣೆಯ ನೆಲದ ಮೇಲೆ, ಹಸಿ ಮಗುವನ್ನು ಪಕ್ಕದಲ್ಲಿಟ್ಟುಕೊಂಡು, ನಮ್ಮ ಗೋಡೆಯನ್ನು ನಂಬಿ ಮಲಗುತ್ತಾಳೆ.

ಅವಳು ಅಂಗಿಯನ್ನು ಕೆಳಗಿಟ್ಟು ಫೋನು ತೆಗೆದಳು. ನರ್ಸಮ್ಮ ಬರೆದುಕೊಟ್ಟ ನಂಬರು ನೋಡಿ ಒತ್ತಿದಳು. ಅತ್ತೆ ತಡೆಯುತ್ತಾಳೆಂದುಕೊಂಡಿದ್ದಳು. ಮಣ್ಣಜ್ಜಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು, ಎಡಗೈ ಎಡಪಕ್ಕೆಯ ಮೇಲಿತ್ತು.

ಆ ತುದಿಯಲ್ಲಿ ನಾಲ್ಕು ಸಲ ರಿಂಗಾಯಿತು. ಎತ್ತದಿರಲಿ ಎಂದು ಒಂದು ಮನಸ್ಸು.

"ಹಲೋ, ಯಾರು?"

"ಸಿಸ್ಟರ್, ನಾನು ಮಣ್ಣಜ್ಜಿ ಸೊಸೆ. ಗಿರಣಿ ಪಕ್ಕದ ಮನೆ. ನಮ್ಮತ್ತೆಗೆ ಐದು ವಾರದಿಂದ ಜ್ವರ. ಎಡಪಕ್ಕೆ ಗಟ್ಟಿಯಾಗಿದೆ. ತುಂಬಾ ಇಳಿದುಹೋಗಿದ್ದಾರೆ."

"ಐದು ವಾರನಾ? ಮೊನ್ನೆ ಬಂದಾಗ ಯಾಕೆ ಹೇಳಲಿಲ್ಲ ನೀವು?"

"ಆವಾಗ ಗೊತ್ತಿರಲಿಲ್ಲ. ಆದರೆ ಇನ್ನೊಂದು ಗೊತ್ತಿತ್ತು, ಅದನ್ನ ಹೇಳಲಿಲ್ಲ." ಅವಳು ಕಣ್ಣು ಮುಚ್ಚಿದಳು. "ನಿಮಗೆ ಸುಳ್ಳು ಹೇಳಿದೆ ಸಿಸ್ಟರ್. ಔಷಧಿ ಹೊಡೆದ ಮೂರನೇ ದಿನಾನೇ ಗೋಡೆಗೆ ಮಣ್ಣು ಮೆತ್ತಿಸಿದ್ವಿ. ನಾನೇ ಹಟ ಮಾಡಿ ಮೆತ್ತಿಸಿದ್ದು, ಮಗು ಗೋಡೆ ಮುಟ್ಟಿ ಬಾಯಿಗೆ ಕೈ ಇಟ್ಕೊಂಡಿತು ಅಂತ. ನಮ್ಮನೆ ನೋಡಿ ಬೀದಿಯವರೆಲ್ಲ ಮಾಡಿಸಿಕೊಂಡ್ರು. ಗಿರಣಿಯವರ ಹಿಂದಿನ ಕೋಣೇನೂ."

ಆ ಕಡೆ ಒಂದು ಕುರ್ಚಿ ಸರಿದ ಸದ್ದು. ಬೈಗುಳ ಬರುತ್ತದೆಂದು ಅವಳು ಹಲ್ಲು ಕಚ್ಚಿ ಕಾದಳು.

"ಒಟ್ಟು ಎಷ್ಟು ಮನೆ?" ಎಂದು ಕೇಳಿತು ದನಿ. ಕಾಗದ ಮಗುಚಿದ್ದು ಕೇಳಿಸಿತು.

ಅವಳು ಬೆರಳು ಮಡಿಸಿದಳು. ನಮ್ಮದು, ಗಿರಣಿ, ಎದುರುಮನೆ, ಮೂಲೆಮನೆ, ಅದರಾಚೆ ಐದು. "ಒಂಬತ್ತು."

"ಹನ್ನೊಂದು ಅನ್ನು" ಎಂದಳು ಮಣ್ಣಜ್ಜಿ, ಗೋಡೆಯಿಂದ ಮುಖ ತಿರುಗಿಸದೆ. "ಹಿಂದಿನ ಬೀದಿಯಲ್ಲಿ ಎರಡು ಮೆತ್ತಿದ್ದೆ. ಅದು ನಿನಗೆ ಗೊತ್ತಿಲ್ಲ."

"ಹನ್ನೊಂದು, ಸಿಸ್ಟರ್" ಎಂದಳು ಅವಳು. "ತಾಳಿ, ಒಂದೊಂದೇ ಅವರೇ ಹೇಳ್ತಾರೆ." ಫೋನನ್ನು ಅತ್ತೆಯ ಬಿಸಿ ಕೈಗೆ ಕೊಟ್ಟಳು.